ಒಂದೆರಡು ಕಡೆ ಮಳೆ

ವಿಭೂತಿ, ಲಿಂಗಪೂಜೆ, ಒಂದು ವಚನ, ಅರ್ಧ ಲೋಟ ಚಹಾ, ಆಮೇಲೆ ರೇಡಿಯೋದ ಹವಾಮಾನ ವರದಿ. ಅಫಜಲಪುರದ ಕಸ್ತೂರಿಬಾಯಿ ಚಹಾ ಬಿಟ್ಟ ದಿನಗಳಿದ್ದವು, ವರದಿ ಬಿಟ್ಟ ದಿನವಿರಲಿಲ್ಲ. ರೇಡಿಯೋ ಓಣಿಯ ಎಲ್ಲ ಮನೆಗಳಲ್ಲೂ ಇತ್ತು. ಆದರೆ "ಹವಾಮಾನ" ಎಂಬ ಮಾತು ಬಂದ ಕೂಡಲೇ ಉಳಿದವರು ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಿದ್ದರು. ಕಡೆಯ ಅಕ್ಷರದವರೆಗೆ ತಾಳ್ಮೆಯಿಂದ ಕೇಳುವವಳು ಇವಳೊಬ್ಬಳೇ.

ಹಾಗಾಗಿ ಹಪ್ಪಳ ಹಾಕುವವರು, ಕೌದಿ ಒಗೆಯುವವರು, ಮೆಣಸಿನಕಾಯಿ ಹರವುವವರು ಇವಳ ಕಟ್ಟೆಗೆ ಬಂದು ಅಪ್ಪಣೆ ಪಡೆದೇ ಮಾಳಿಗೆ ಹತ್ತುತ್ತಿದ್ದರು. ಹತ್ತು ವರ್ಷದಲ್ಲಿ ಇವಳ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ! ಬೇಸಿಗೆಯ ಅಫಜಲಪುರದಲ್ಲಿ "ನಾಳೆ ಬಿಸಿಲು" ಎಂದರೆ ಯಾರ ಮಾತೂ ಸುಳ್ಳಾಗುವುದಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅವಳಿಗಂತೂ ಹೊಳೆದಿರಲೇ ಇಲ್ಲ.

ಆ ವರ್ಷ ಯುಗಾದಿ ಮುಗಿದ ಮೇಲೆ ಕಸ್ತೂರಿಬಾಯಿ ಒಂದು ಶಪಥ ಮಾಡಿದಳು. ಮಗಳು ನೀಲಾ ಜೇವರ್ಗಿಯ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಬೀಗತಿ ಹೀರಾಬಾಯಿ ಹೇಳಿ ಕಳಿಸಿದ್ದಳು: "ಕಳಸ್ತೇವಿ. ಆದ್ರ ಬಾಣಂತಿಗೆ ಉಣಿಸೋ ಶ್ಯಾವಿಗಿ ಮೊದಲ ತಂದು ತೋರಸ್ರಿ. ಲಗ್ನದಾಗ ತಂದ ಪ್ಯಾಟಿ ಶ್ಯಾವಿಗಿ ನಮ್ಮ ಎಮ್ಮಿ ಸೈತ ಮೂಸಿ ನೋಡ್ಲಿಲ್ಲ."

"ಎಮ್ಮಿ ಅಲ್ಲ, ಎಮ್ಮಿ ಒಡತೀನೇ ಬೆರಳು ಚೀಪಬೇಕು, ಅಂಥಾ ಶ್ಯಾವಿಗಿ ಹೊಸೀತೇನಿ!" ಇದೇ ಶಪಥ.

ಕೈಯಿಂದ ಶ್ಯಾವಿಗೆ ಹೊಸೆಯುವುದು ಒಬ್ಬರ ಕೆಲಸವಲ್ಲ. ಓಣಿಯ ಹೆಂಗಸರೆಲ್ಲ ಸರದಿಯಂತೆ ಒಂದೊಂದು ಮನೆಗೆ ಹೋಗಿ ಮಾಡಿಕೊಡುವ ಮುಯ್ಯಿ ಅದು. ಒಮ್ಮೆ ಸರದಿ ತಪ್ಪಿದರೆ ಮುಂದಿನದು ತಿಂಗಳ ಮೇಲೆ. ಕಸ್ತೂರಿಬಾಯಿಯ ಸರದಿ ಬಂದದ್ದು ಗುರುವಾರ.

ಆದರೆ ಸೋಮವಾರವೇ ರೇಡಿಯೋ ಹೇಳಿತ್ತು: "ಈ ವಾರ ಉತ್ತರ ಒಳನಾಡಿನ ಒಂದೆರಡು ಕಡೆ ಬಿರುಗಾಳಿ, ಗುಡುಗು ಸಹಿತ ಮಳೆಯಾಗುವ ಸಂಭವವಿದೆ." ಅಂದು ಸಂಜೆ ಆಳಂದದಲ್ಲಿ ಮಳೆ ಹೊಡೆಯಿತು. ಮಂಗಳವಾರ ಜೇವರ್ಗಿಯಲ್ಲಿ.

ಬುಧವಾರ ಓಣಿಯ ಹೆಂಗಸರು ಕಟ್ಟೆಗೆ ಬಂದರು. ಪಕ್ಕದ ಮನೆಯ ಸುಲ್ತಾನಬಿ ಕೇಳಿದಳು, "ಅಕ್ಕಾ, ನಾಳಿ ಹೊಸಿಯೂದೋ, ಬ್ಯಾಡೋ? ರಂಜಾನಿಗೆ ನಂದೂ ಒಂದೀಟು ಒಣಗಸ್ಬೇಕು."

ಕಸ್ತೂರಿಬಾಯಿ ಎರಡು ಬೆರಳು ಎತ್ತಿದಳು. "ರೇಡಿಯೋದಾಗ ಏನಂದಾರ? ಒಂದೆರಡು ಕಡಿ. ಆಳಂದ ಒಂದು." ಒಂದು ಬೆರಳು ಮಡಚಿದಳು. "ಜೇವರ್ಗಿ ಎರಡು." ಇನ್ನೊಂದನ್ನೂ ಮಡಚಿದಳು. "ಮುಗೀತು! ರೇಶನ್ ಸಕ್ಕರಿ ಒಂದ್ ಮನಿಗೆ ಎರಡು ಸಲ ಕೊಡ್ತಾರೇನು? ಈ ವಾರದ ಕೋಟಾ ಖಲಾಸ್."

ಕಟ್ಟೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಗಂಡ ಅಂಬಾರಾಯ ತಲೆ ಎತ್ತಿದ. "ಮಳೀಗೂ ರೇಶನ್ ಕಾರ್ಡ್ ಮಾಡ್ಸಿದವರು ಯಾರ್ ಬೇ? ನೀನೇನು?"

"ನೀವು ಲಂಗದ ಅಳತಿ ನೋಡ್ರಿ. ಮಳಿ ಅಳತಿ ನಾ ನೋಡ್ತೇನಿ."

ಹೆಂಗಸರೆಲ್ಲ ನಕ್ಕರು. ಆ ನಗು ತಲೆಗೇರಿತು! ಕಸ್ತೂರಿಬಾಯಿ ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಜೇವರ್ಗಿ ಬಸ್ಸಿನ ಕಂಡಕ್ಟರ್ ಜಹೀರುದ್ದೀನನನ್ನು ಹಿಡಿದಳು. "ನಮ್ಮ ಬೀಗರ ಮನಿಗೆ ಒಂದ್ ಮಾತು ಮುಟ್ಟಸಪಾ. ಜೇವರ್ಗಿ ಪಾಲಿನ ಮಳಿ ಆಗ್ಯಾದ, ಇನ್ನ ಬರಂಗಿಲ್ಲ. ಒಣಗಸೂದು ಏನಿದ್ರೂ ಧೈರ್ಯಲಿ ಒಣಗಸ್ರಿ, ಕಸ್ತೂರಿಬಾಯಿ ಹೇಳ್ಯಾಳ ಅಂತ ಹೇಳು."

ಬೀಗತಿಗೆ ತನ್ನ ಘನತೆ ಸ್ವಲ್ಪ ಗೊತ್ತಾಗಲಿ ಎಂಬುದು ಒಳಗಿನ ಮಾತು.

ಗುರುವಾರ ಬೆಳಗಿನ ವರದಿಯಲ್ಲಿ ಮತ್ತೆ ಅದೇ ವಾಕ್ಯ ಬಂತು. "ಸೋಮವಾರದ ಹಾಳೀನೇ ಇನ್ನೊಮ್ಮೆ ಓದಾಕತ್ತಾರ, ಆಲಸಿಗಳು" ಎಂದು ಕಸ್ತೂರಿಬಾಯಿ ರೇಡಿಯೋ ಆರಿಸಿದಳು. ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ಮೇಲೆ ಕೋಲು ಕೋಲಿಗೂ ಶ್ಯಾವಿಗೆ ಬಿಳಿ ನೂಲಿನಂತೆ ಇಳಿಬಿದ್ದು ತೂಗುತ್ತಿತ್ತು. ನೋಡಿದರೆ ಕಣ್ಣು ತಂಪಾಗಬೇಕು! ಸುಲ್ತಾನಬಿಯ ಮಾಳಿಗೆಯಲ್ಲಿ ರಂಜಾನಿನ ಶ್ಯಾವಿಗೆ. ಆಚೆ ಮನೆಯ ಮಾಳಿಗೆಯಲ್ಲಿ ಹಪ್ಪಳ. ಇಡೀ ಓಣಿ ಕಸ್ತೂರಿಬಾಯಿಯ ಮಾತಿನ ಮೇಲೆ ಬಿಸಿಲಿಗೆ ಮಲಗಿತ್ತು.

ಮೂರು ಗಂಟೆಗೆ ಭೀಮಾನದಿಯ ಕಡೆಯಿಂದ ಆಕಾಶ ಕಪ್ಪಾಯಿತು. ಗಾಳಿ ಎದ್ದಿತು.

"ಅಕ್ಕಾ, ತಗೀಯೂಣೇನು?" ಎಂದು ಸುಲ್ತಾನಬಿ ಕೂಗಿದಳು.

"ತಡಿ! ಕೇಳಿ ಹೇಳ್ತೇನಿ!"

ಕಸ್ತೂರಿಬಾಯಿ ಒಳಗೋಡಿ ರೇಡಿಯೋ ಹಚ್ಚಿ ಕಿವಿಗೆ ಒತ್ತಿಕೊಂಡಳು. ಅದರೊಳಗೆ ಬರೀ ಕರಕರ, ಚಟಪಟ. ತಿರುಗಿಸಿದಳು, ತಟ್ಟಿದಳು, ಸೆಲ್ಲು ತೆಗೆದು ಸೀರೆಗೆ ಉಜ್ಜಿ ಹಾಕಿದಳು. ಅಷ್ಟರಲ್ಲಿ ಮಾಳಿಗೆಯ ಮೇಲೆ ಗುಂಡು ಸುರಿದಂತೆ ಸದ್ದಾಯಿತು.

"ಏನ್ ಬೇ, ವರದಿ ಬಂತೇನು?" ಅಂಬಾರಾಯ ಹೊರಗಿನಿಂದ ಕೂಗಿದ.

"ಇನ್ನೂ ಬಂದಿಲ್ರಿ!"

"ಮಾಳಗಿ ಮ್ಯಾಲ ಬಿದ್ದದ, ಹೋಗಿ ಆರಿಸ್ಕೋ! ಒಂದೊಂದು ನಿಂಬೆಹಣ್ಣಿನಷ್ಟದ!"

ಆಲಿಕಲ್ಲು! ಹೆಂಗಸರು ಹಿಟ್ಟು ನಾದುವ ಪರಾತ ತಲೆಯ ಮೇಲೆ ಹಿಡಿದು ಮಾಳಿಗೆಯಿಂದ ಮಾಳಿಗೆಗೆ ಓಡಾಡಿದರು, ತೊಯ್ದು ತೊಪ್ಪೆಯಾದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಐದು ಸೇರು ಶ್ಯಾವಿಗೆ ಗಂಜಿಯಾಗಿ ಮಾಳಿಗೆಯ ನೀರು ಇಳಿಯುವ ಹರನಾಳಿಗೆಯಿಂದ ಬೀದಿಗೆ ಸುರಿಯುತ್ತಿತ್ತು, ಕೆಳಗೆ ಎರಡು ನಾಯಿಗಳು ಶಾಂತವಾಗಿ ನೆಕ್ಕುತ್ತಿದ್ದವು. ಒಣ ಸೀರೆಯಲ್ಲಿ ನಿಂತವಳು ಕಸ್ತೂರಿಬಾಯಿ ಒಬ್ಬಳೇ, ರೇಡಿಯೋ ಕಂಕುಳಲ್ಲಿಟ್ಟುಕೊಂಡು.

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಲ್ತಾನಬಿ ಸೆರಗು ಹಿಂಡುತ್ತ ಇಷ್ಟೇ ಅಂದಳು: "ಒಂದೆರಡು ಕಡಿ ಅಂದ್ರ, ಯಾ ಕಡಿ ಅಂತ ಅವರಿಗೂ ಖಬರಿಲ್ಲ ಅಂತ ಅಲ್ಲೇನಕ್ಕಾ?"

ಶುಕ್ರವಾರ ಯಾರೂ ಕಟ್ಟೆಗೆ ಬರಲಿಲ್ಲ.

ಶನಿವಾರ ಕಸ್ತೂರಿಬಾಯಿ ಬರಿಗೈಯಲ್ಲಿ ಜೇವರ್ಗಿ ಬಸ್ಸು ಹತ್ತಿದಳು. ಕಾಲು ಹಿಡಿದಾದರೂ ಮಗಳನ್ನು ಕರೆತರುವುದು ಎಂದು. ಟಿಕೆಟ್ ಹರಿಯುತ್ತ ಜಹೀರುದ್ದೀನ, "ಬಾಯಿ, ನಿಮ್ಮ ಮಾತು ಬರೋಬ್ಬರಿ ಮುಟ್ಟಿಸೀನಿ" ಎಂದ. ಆ ಮಾತು ಅವಳಿಗೆ ಮರೆತೇ ಹೋಗಿತ್ತು!

ಬೀಗರ ಮನೆಯ ಸುಣ್ಣದ ಗೋಡೆಯ ಮೇಲೆ ಮಾಳಿಗೆಯಿಂದ ನೆಲದವರೆಗೆ ಕೆಂಪು ಗೆರೆಗಳು ಇಳಿದಿದ್ದವು. ಅಂಗಳದಲ್ಲಿ ವರ್ಷದ ಮೆಣಸಿನಕಾಯಿ ಕೊಳೆತು ರಾಶಿ ಬಿದ್ದಿತ್ತು.

"ಬರ್ರಿ ಬೀಗತೇರ" ಎಂದಳು ಹೀರಾಬಾಯಿ. "ನಾ ಬ್ಯಾಡ ಅಂದಿದ್ದೆ. ನಿಮ್ಮ ಮಗಳೇ, 'ನಮ್ಮವ್ವ ಹೇಳಿದ ಮ್ಯಾಲ ಮುಗೀತು, ಮಳಿ ಬರಂಗಿಲ್ಲ' ಅಂತ ಹಟ ಮಾಡಿ ಹರವಿದ್ಲು. ಮಳಿ ಬಂದಾಗ ತಾನೇ ಬಾಚಿ ಬಾಚಿ ಇಳಿಸಿದ್ಲು. ಎಷ್ಟ್ ಬ್ಯಾಡಂದ್ರೂ ಕೇಳ್ಲಿಲ್ಲ."

ಬಾಗಿಲಲ್ಲಿ ನೀಲಾ ನಿಂತಿದ್ದಳು. ಹೊಟ್ಟೆ ಹೊತ್ತುಕೊಂಡು, ಕೈ ಹಿಂದೆ ಮಾಡಿ. ಕಸ್ತೂರಿಬಾಯಿ ಆ ಕೈ ಎಳೆದು ನೋಡಿದಳು. ಮೆಣಸಿನಕಾಯಿಯ ಖಾರಕ್ಕೆ ಎರಡೂ ಅಂಗೈ ಕೆಂಪಾಗಿ ಬಾತುಕೊಂಡಿದ್ದವು.

"ಶ್ಯಾವಿಗಿ ಮತ್ತ ಮಾಡ್ತೇನ್ರಿ. ಈಗ ಮಗಳನ್ನ ಕಳಸ್ರಿ."

"ಕಳಸ್ತೇವ್ರಿ, ಯಾಕ ಕಳಸಂಗಿಲ್ಲ? ಈ ಗಾಳಿ ಮಳಿ ನಿಂದರಲಿ. ಯಾವಾಗ ನಿಂದರ್ತದ, ನೀವೇ ಹೇಳ್ರಿ. ನಿಮಗ ಗೊತ್ತಿರ್ತದಲ್ಲ!"

ಕಸ್ತೂರಿಬಾಯಿ ಮುಂದಿಟ್ಟ ಲೋಟ ಎತ್ತಿಕೊಂಡಳು. ಚಹಾ ಕುಡಿದಳು. ಅದರಲ್ಲೂ ಖಾರದ ಘಾಟು.

ಹೊರಟಾಗ ಮೋಡ ಕವಿದಿತ್ತು. ನೀಲಾ ಹೊಸ್ತಿಲವರೆಗೆ ಬಂದು ಹಳೆಯ ರೂಢಿಯಂತೆ ಕೇಳಿದಳು: "ಅವ್ವಾ, ಬಸ್ ಸ್ಟ್ಯಾಂಡ್ ಮುಟ್ಟೂದ್ರಾಗ ಮಳಿ ಬರ್ತದೇನು?"

"ನನಗ ಗೊತ್ತಿಲ್ಲವ್ವಾ."

ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಹಾಗಂದದ್ದು. ಹೀರಾಬಾಯಿಗೂ ಏನನ್ನಿಸಿತೋ, ಒಳಗಿನಿಂದ ಕೊಡೆ ತಂದು ಚಾಚಿದಳು. "ಛತ್ರಿ ಒಯ್ರಿ ಬೀಗತೇರ. ಮತ್ತ ಬಂದಾಗ ತರ್ರಿ."

"ಬ್ಯಾಡ್ರಿ" ಎಂದಳು ಕಸ್ತೂರಿಬಾಯಿ, ತಲೆಯ ಮೇಲಿನ ಸೆರಗನ್ನೂ ಇಳಿಸುತ್ತ. "ನನ್ನ ಮಾತು ಕೇಳಿ ಎರಡೂರು ತೊಯ್ದಾವ. ಒಣಗಿ ಉಳದಾಕಿ ನಾ ಒಬ್ಬಾಕೇ."