ಮೊಸಳೆಯಲ್ಲದ ಮೊಸಳೆಯ ಮೂಗು

ಕಲ್ಲಾದ ಎಲುಬುಗಳನ್ನು ಉಜ್ಜಿ ಶುದ್ಧ ಮಾಡುವುದು ನನ್ನ ಕಸುಬು, ದೂರದ ಊರಿನ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ. ರಜೆಯಲ್ಲಿ ನನ್ನೂರು ಕಡಬಕ್ಕೆ ಬಂದರೆ ಮಾತ್ರ ಒಂದಲ್ಲ ಒಂದು ಆಗಿಯೇ ಆಗುತ್ತದೆ.

ಈ ಸಲ ಸುಳ್ಯದ ಶಾಲೆಯೊಂದರ ವಿಜ್ಞಾನ ಮೇಳಕ್ಕೆ ಫೈಟೋಸಾರ್ ತಲೆಬುರುಡೆಯ ಪ್ಲಾಸ್ಟರ್ ಪ್ರತಿಕೃತಿ ತಂದಿದ್ದೆ. ಡೈನೋಸಾರ್‌ಗಳು ಆಗಷ್ಟೇ ತಲೆಯೆತ್ತುತ್ತಿದ್ದ ಟ್ರಯಾಸಿಕ್ ಕಾಲದ ಸರೀಸೃಪ ಅದು. ನೋಡಲು ಥೇಟ್ ಮೊಸಳೆ, ಆದರೆ ಮೊಸಳೆಯಲ್ಲ. ಮೊಸಳೆಯ ಹೊಳ್ಳೆ ಮೂತಿಯ ತುದಿಯಲ್ಲಿ. ಇದರದ್ದು ಕಣ್ಣಿನ ಹತ್ತಿರ. ನನ್ನ ಭಾಷಣ ನಿಂತಿದ್ದುದೇ ಆ ಎರಡು ತೂತುಗಳ ಮೇಲೆ. ಅವಿಲ್ಲದಿದ್ದರೆ ನಾನು ಅಷ್ಟು ದೂರದಿಂದ ಮೊಸಳೆ ತಲೆ ಹೊತ್ತು ತಂದ ಪೆದ್ದ.

ನೆಟ್ಟಣದ ಆಟೋ

ನೆಟ್ಟಣದಲ್ಲಿ ರೈಲಿಳಿದು ಆಟೋ ಹತ್ತಿದೆ. ಚಾಲಕರು ನೆಲ್ಯಾಡಿ ಕಡೆಯ ರಬ್ಬರ್ ತೋಟದ ಮನೆಯವರು. ಅವರ ಕಣ್ಣೆಲ್ಲ ನನ್ನ ಪೆಟ್ಟಿಗೆಯ ಮೇಲೆ.

"ಎಂತ ಉಂಟು ಸಾರ್ ಅದರಲ್ಲಿ?"

"ಒಂದು ತಲೆ."

ಆಟೋ ಗಕ್ಕನೆ ನಿಂತಿತು.

"ಪ್ರಾಣಿಯದ್ದು. ಸತ್ತು ಇಪ್ಪತ್ತು ಕೋಟಿ ವರ್ಷದ ಮೇಲಾಯ್ತು."

ಅವರು ಉಸಿರುಬಿಟ್ಟು ಗೇರ್ ಹಾಕಿದರು. "ಹಾಗಾದ್ರೆ ಇನ್ನು ಪೊಲೀಸರು ಬರ್ಲಿಕ್ಕಿಲ್ಲ."

ಸೂತಕ

ಮನೆಯ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಹಾಲು ಕೊಡಲು ಬಂದ ಪಕ್ಕದ ಮನೆಯ ಅಕ್ಕ ಅಂಗಳದಲ್ಲೇ ನಿಂತರು.

"ತಲೆ ಅಲ್ವಾ ಅದು? ಬೊಜ್ಜ ಆಗಿದೆಯಾ?"

ಬೊಜ್ಜವೆಂದರೆ ಉತ್ತರಕ್ರಿಯೆ; ಅದರ ಊಟ ಮುಗಿಯದೆ ನಮ್ಮಲ್ಲಿ ಸಾವಿನ ಸೂತಕ ಕಳೆಯುವುದಿಲ್ಲ.

"ಅದು ಸಾಯುವಾಗ ಭೂಮಿಯಲ್ಲಿ ಮನುಷ್ಯರೇ ಇರ್ಲಿಲ್ಲ ಅಕ್ಕ."

ಅಕ್ಕನಿಗೆ ನಿಜಕ್ಕೂ ಬೇಸರವಾಯಿತು. "ಛೆ, ಪಾಪ! ಊಟಕ್ಕೆ ಜನವೇ ಇಲ್ಲದಿದ್ರೆ ಅದರ ಮನೆಯವರಾದ್ರೂ ಎಂತ ಮಾಡುದು?"

ದುರಸ್ತಿ

ಮೇಳದ ಹಿಂದಿನ ದಿನವೇ ಬುರುಡೆಯನ್ನು ಶಾಲೆಗೆ ಒಪ್ಪಿಸಿ ಬಂದೆ. ಅತಿಥಿಗಳು ಬರುವ ಮುನ್ನ ಶಾಲೆಯಲ್ಲಿ ಎಲ್ಲದಕ್ಕೂ ಒಂದು ಕೈ ಬಣ್ಣ ಬೀಳುತ್ತದೆ. ಹೂಕುಂಡ, ಧ್ವಜಕಟ್ಟೆ ಯಾವುದೂ ಬಚಾವಾಗುವುದಿಲ್ಲ. ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಮರುದಿನ ವೇದಿಕೆ ಹತ್ತಿ, "ಮಕ್ಕಳೇ, ಇದರ ಹೊಳ್ಳೆ ನೋಡಿ" ಎಂದು ಬಟ್ಟೆ ಸರಿಸಿದೆ. ಕಣ್ಣಿನ ಹತ್ತಿರ ನುಣ್ಣಗೆ ಮುಚ್ಚಿಹೋಗಿದೆ. ಮೂತಿಯ ತುದಿಯಲ್ಲಿ ಅಂದವಾದ ಎರಡು ತೂತು.

ಡ್ರಾಯಿಂಗ್ ಮಾಷ್ಟ್ರು ಬಂದು ಕಿವಿಯಲ್ಲಿ ಹೇಳಿದರು: "ಕಣ್ಣಿನ ಹತ್ರ ಒಡೆದಿತ್ತು ಮಾರಾಯ್ರೆ, ಪುಟ್ಟಿ ಹಾಕಿದೆ. ಮೂಗು ಮಾಡ್ಲಿಕ್ಕೆ ತಲೆ ಮಾಡಿದವರಿಗೆ ಮರ್ತು ಹೋಗಿತ್ತು, ಡ್ರಿಲ್ ತರಿಸಿ ನಾನೇ ಮಾಡಿದೆ."

ಸಿಟ್ಟು ನೆತ್ತಿಗೇರಿತ್ತು. ಆದರೆ ಅವರ ಮುಖದಲ್ಲಿ ಉಪಕಾರ ಮಾಡಿದ ಸಂತೋಷ. ಬೀಗದ ಕೈಯಿಂದ ಪುಟ್ಟಿ ಕೆರೆದೆ. ಹಸಿಯಿದ್ದದ್ದರಿಂದ ಕಳಚಿ ಬಂತು. ನಿಜವಾದ ಹೊಳ್ಳೆಗಳು ಕಂಡವು. ಮಕ್ಕಳು ಚಪ್ಪಾಳೆ ತಟ್ಟಿದರು. ಒಂದೇ ರೀತಿ ನೀರಲ್ಲಿದ್ದು ಮೀನು ಹಿಡಿದು ಬದುಕಿದರೆ ಬೇರೆ ಬೇರೆ ವಂಶಗಳಿಗೂ ಒಂದೇ ಮುಖ ಬರುತ್ತದೆ, ಗುಟ್ಟು ಬಿಟ್ಟುಕೊಡುವುದು ಮೂಗು ಎಂದು ವಿವರಿಸಿದೆ. ತುದಿಯ ತೂತುಗಳು ಮಾಷ್ಟ್ರದ್ದೆಂದು ಹೇಳಲು ಮನಸ್ಸಾಗಲಿಲ್ಲ.

ಕೊನೆಗೆ ಮುಖ್ಯೋಪಾಧ್ಯಾಯರು, "ನಾಲ್ಕು ಹೊಳ್ಳೆಯ ಅಪರೂಪದ ಪ್ರಾಣಿಯನ್ನು ಪರಿಚಯಿಸಿದ್ದಕ್ಕಾಗಿ" ನನಗೆ ಶಾಲು ಹೊದಿಸಿದರು.

ಕಾರಣ

ಸುದ್ದಿ ನನಗಿಂತ ಮೊದಲೇ ಕಡಬ ಮುಟ್ಟಿತ್ತು. ಮರುದಿನ ಜಿನಸಿನಂಗಡಿಯ ಬ್ಯಾರಿ ಕಾಕ ಕೇಳಿದರು: "ನಾಲ್ಕು ಹೊಳ್ಳೆಯ ಆ ಪ್ರಾಣಿ ಈಗ ಎಲ್ಲಿ ಉಂಟು?"

"ಎಲ್ಲಿಯೂ ಇಲ್ಲ ಕಾಕ. ವಂಶವೇ ಅಳಿದುಹೋಯ್ತು."

"ಯಾಕೆ?"

"ಜ್ವಾಲಾಮುಖಿಯಿಂದ ಅಂತ ಹೇಳ್ತಾರೆ. ದೊಡ್ಡ ದೊಡ್ಡವರು ಇನ್ನೂ ತಲೆ ಕೆಡಿಸಿಕೊಳ್ತಾ ಇದ್ದಾರೆ."

ಸಕ್ಕರೆ ಕಟ್ಟುತ್ತಿದ್ದ ಕಾಕ ನನ್ನನ್ನು ಕನಿಕರದಿಂದ ನೋಡಿದರು.

"ಅದಕ್ಕೆ ಜ್ವಾಲಾಮುಖಿ ಯಾಕೆ ಮಾರಾಯ್ರೆ? ಎರಡು ಹೊಳ್ಳೆಯಲ್ಲಿ ಶೀತ ಆದ್ರೇ ನಮಗೆ ಸಾಯುವ ಹಾಗೆ ಆಗ್ತದೆ. ಪಾಪ, ಅದಕ್ಕೆ ನಾಲ್ಕು!"