ಕುಶನ್ ಅಂಗಡಿಯ ವೆಬ್‌ಸೈಟಿನಲ್ಲಿ ನಗುತ್ತಿರುವ ಹೆಡ್‌ಫೋನ್ ಮೇಡಂ ಅವರಿಗೆ

ಮಾನ್ಯ ಮೇಡಂ ಅವರೇ,

ತಮ್ಮ ಹೆಸರು ಗೊತ್ತಿಲ್ಲದೆ ಹೀಗೆ ಕರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ನಮ್ಮ ಕುಶನ್ ಅಂಗಡಿಯ ವೆಬ್‌ಸೈಟು ತೆರೆದ ಕೂಡಲೇ ಎಡಗಡೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಿಳಿ ಮೇಜಿನ ಹಿಂದೆ ಕೂತು, ನೀವು ಫೋನ್ ಮಾಡಲಿ ಅಂತಲೇ ಇಷ್ಟು ದಿನ ಕಾದಿದ್ದೆ ಎನ್ನುವ ಹಾಗೆ ನಗುವವರು ತಾವೇ. ಆ ವೆಬ್‌ಸೈಟನ್ನು ನೋಡಿಕೊಳ್ಳುವ ಕೆಲಸ, ಅಂದರೆ ಹೊಸ ಸೋಫಾದ ಫೋಟೋ ಹಾಕುವುದು, ಬದಲಾದ ಫೋನ್ ನಂಬರ್ ತಿದ್ದುವುದು, ಪಾಸ್‌ವರ್ಡ್ ಮರೆತು ಎಲ್ಲರಿಂದ ಬೈಸಿಕೊಳ್ಳುವುದು, ನನ್ನದು. ಒಂದು ಕಡೆ ಕೂರಲಾರೆ ಎಂದು ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳನ್ನು ಮನೆಯವರು ತಂದು ಕುರ್ಚಿಗಳ ನಡುವೆಯೇ ಬಿಟ್ಟಿದ್ದಾರೆ. ಇರಲಿ, ನನ್ನ ದೂರು ಅವರ ಮೇಲಲ್ಲ. ತಾವು ಸೌಖ್ಯವಾಗಿರುವುದು ಚಿತ್ರದಲ್ಲೇ ಎದ್ದು ಕಾಣುವುದರಿಂದ ಕ್ಷೇಮಸಮಾಚಾರ ಕೇಳದೆ ನೇರ ವಿಷಯಕ್ಕೆ ಬರುತ್ತೇನೆ.

ತಮ್ಮನ್ನು ನಾವು ಕೆಲಸಕ್ಕೆ ಕರೆದಿರಲಿಲ್ಲ. ನಾವು ಕೊಂಡ ರೆಡಿಮೇಡ್ ವಿನ್ಯಾಸದ ಜೊತೆ, ಹೊಸ ಬೀರುವಿನೊಳಗೆ ಬರುವ ಹ್ಯಾಂಗರಿನ ಹಾಗೆ, ತಾವೂ ಬಂದಿರಿ. ಮೊದಲ ದಿನವೇ ತಮ್ಮನ್ನು ತೆಗೆದು ನೋಡಿದೆ: ಅಂಗಡಿಯ ಹೆಸರು ಜಾರಿ ಫೋನ್ ನಂಬರಿನ ಮೇಲೆ ಬಿತ್ತು, ನಂಬರು ವಿಳಾಸದ ಮೇಲೆ ಬಿತ್ತು, ವಿಳಾಸ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಅದನ್ನೆಲ್ಲ ಮತ್ತೆ ಹೊಂದಿಸಿ, ತಮ್ಮ ಜಾಗದಲ್ಲಿ ನೀಲಿ ಸೋಫಾ ಒಂದನ್ನು ಕೂರಿಸಿದೆ. ಮುಂದಿನ ಅಪ್‌ಡೇಟ್ ಆಗುವುದೇ ತಡ, ಸೋಫಾ ಮಾಯ, ತಾವು ಹಾಜರ್. ಬೇಡವೆಂದು ಕಳಿಸಿದ ಮೇಲೂ ಬೆಳಗಾಗುವಷ್ಟರಲ್ಲಿ ಬಂದು ಅದೇ ನಗುವಿನೊಂದಿಗೆ ಕೂರುವ ಇಂಥ ನಿಷ್ಠೆಯನ್ನು ನಾನು ಬೇರೆ ಯಾವ ಕೆಲಸದವರಲ್ಲೂ ಕಂಡಿಲ್ಲ.

ಇನ್ನು ಅಂಗಡಿಯ ಮಾಲೀಕರ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ, ಏಕೆಂದರೆ ಅವರು ತಮ್ಮ ಚಿತ್ರದಲ್ಲಿ ಎಲ್ಲೂ ಇಲ್ಲ. ಅವರು ನನ್ನ ಸೋದರತ್ತೆ. ಸ್ಪ್ರಿಂಗು ಕಟ್ಟುವುದು, ನಾರು ತುಂಬುವುದು, ಬಟ್ಟೆ ಎಳೆದು ಮೊಳೆ ಹೊಡೆಯುವುದು ಎಲ್ಲ ಅವರೇ. ಎರಡು ಕೈಗೂ ಕೆಲಸವಿರುವುದರಿಂದ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಆದ್ದರಿಂದ ಕೆಲಸದ ಹೊತ್ತಿನಲ್ಲಿ ನಗುವುದಕ್ಕೂ ಮಾತಾಡುವುದಕ್ಕೂ ಅವರ ಬಾಯಿ ಬಿಡುವಾಗಿರುವುದಿಲ್ಲ. ಫೋನ್ ಎತ್ತುವುದು ಮಾವ. ನಮ್ಮ ಮಾವ ಬಹಳ ಒಳ್ಳೆಯವರು, ಆದರೆ ಯಾರಿಗೂ ಇಲ್ಲ ಅನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ. ಮೊದಲ ಗಿರಾಕಿ ಫೋನ್ ಮಾಡಿ, ವೆಬ್‌ಸೈಟಲ್ಲಿದ್ದಾರಲ್ಲ, ಆ ಮೇಡಂ ಹತ್ರ ಕೊಡ್ರೀ ಅಂದಾಗ ಅವರು, ಊಟಕ್ಕೆ ಹೋಗಿದ್ದಾರೆ ಸಾರ್ ಅಂದುಬಿಟ್ಟರು. ಸಂಜೆ ಮತ್ತೆ ಫೋನ್ ಬಂದಾಗ ತಾವು ರಜೆಯ ಮೇಲಿದ್ದಿರಿ. ಇಷ್ಟು ದೀರ್ಘ ರಜೆ ಯಾಕಪ್ಪಾ ಎಂದು ಯಾರೋ ಕೇಳಿದ್ದಕ್ಕೆ ಮಾವ ಗಾಬರಿಯಲ್ಲಿ, ಹೆರಿಗೆ ರಜೆ ಅಂದರು. ಅತ್ತೆ ಬಾಯಿಯ ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, ಏನ್ರೀ ನೀವು ಹೇಳ್ತಿರೋದು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು, ತಮಗೆ ಹೆಣ್ಣು ಮಗು ಹುಟ್ಟಿಯೂ ಆಗಿತ್ತು.

ಹಾಗೆ ಕೇಳಿದವರು ಊರಿನ ಗ್ರಂಥಾಲಯದ ಗ್ರಂಥಪಾಲಕರು. ವಾಚನಾಲಯದ ಕುರ್ಚಿಗಳೆಲ್ಲ ಹರಿದು ಓದುಗರ ಬೆನ್ನಿಗೆ ಸ್ಪ್ರಿಂಗು ಚುಚ್ಚುತ್ತಿದ್ದುದರಿಂದ ಅಷ್ಟನ್ನೂ ನಮಗೆ ಕೊಡುವವರಿದ್ದರು. ಇಷ್ಟು ದೊಡ್ಡ ಕೆಲಸ ನಮ್ಮ ಅಂಗಡಿಗೆ ಎಂದೂ ಬಂದಿರಲಿಲ್ಲ. ಒಂದು ಕುರ್ಚಿಯನ್ನು ಮಾದರಿಗೆಂದು ಹೊತ್ತು ತಂದರು, ಜೊತೆಗೆ ಕಾಗದದ ಪೊಟ್ಟಣವೊಂದನ್ನು ಮಾವನ ಕೈಗಿಟ್ಟರು. ಬಿಚ್ಚಿದರೆ ಹಳದಿ ಉಲನ್ನಿನ ಪುಟ್ಟ ಟೋಪಿ, ಪುಟ್ಟ ಕಾಲುಚೀಲ. ಓದುಗರು ಇಲ್ಲದ ಹೊತ್ತಿನಲ್ಲಿ ಅವರೇ ಕೂತು ಹೆಣೆದದ್ದಂತೆ. ಮಗೂಗೆ ಚಳಿ ಆಗ್ಬಾರ್ದು ನೋಡಿ, ಮಿಕ್ಕ ಕುರ್ಚಿಗಳನ್ನ ಮೇಡಂ ಬಂದ ಮೇಲೆ ಶುರು ಮಾಡಿ, ಅವರೊಬ್ಬರು ಮೇಲೆ ನಿಂತು ನೋಡ್ಕೊಂಡ್ರೆ ನಂಗೆ ಧೈರ್ಯ, ಎಂದು ಅತ್ತೆಯ ಎದುರೇ ನಿಂತು ಹೇಳಿ ಹೋದರು.

ಮೇಡಂ, ಅಲ್ಲಿಯವರೆಗೆ ನಾನೂ ನಕ್ಕಿದ್ದೆ. ಮಾರನೆಯ ದಿನ ನೋಡಿದರೆ ಅತ್ತೆಯ ಮೊಳೆಗಳು ಬಾಯಲ್ಲಿರದೆ ಬಟ್ಟಲಿನಲ್ಲಿದ್ದವು. ಅವರು ಒಂದು ಕೈಯಲ್ಲಿ ಬಟ್ಟೆ ಬಿಟ್ಟು, ಬಟ್ಟಲಿನಲ್ಲಿ ತಡಕಾಡಿ, ಮತ್ತೆ ಬಟ್ಟೆ ಎಳೆದು, ಅಷ್ಟೆಲ್ಲದರ ನಡುವೆ ಬಾಗಿಲಿಗೆ ಬಂದವರಿಗೆಲ್ಲ ಚಿತ್ರದಲ್ಲಿರುವ ತಮ್ಮ ಹಾಗೆ ನಗುತ್ತಿದ್ದರು. ಹಾಗೆ ನಗುತ್ತಲೇ ಹೆಬ್ಬೆರಳಿಗೆ ಸುತ್ತಿಗೆ ಹೊಡೆದುಕೊಂಡರು. ಉಗುರಿಗೆ ತಣ್ಣೀರು ಹಾಕುತ್ತಿದ್ದ ನನ್ನನ್ನು, ಆ ಥರದವಳು ಒಬ್ಬಳು ಮುಂದೆ ಕೂತಿದ್ರೆ ಅಂಗಡಿಗೆ ಒಂದು ಕಳೆ ಇರುತ್ತೆ ಅಲ್ವೇನೇ ಎಂದು ಕೇಳಿದರು. ನನಗೆ ಸುಳ್ಳು ಬರುವುದಿಲ್ಲ, ಶಾಲೆಯಲ್ಲೂ ಅದೇ ತೊಂದರೆಯಾಗಿತ್ತು. ಇರುತ್ತೆ ಅತ್ತೆ, ಆದ್ರೆ ಕುರ್ಚಿ ಇರಲ್ಲ ಅಂದೆ. ಪೊಟ್ಟಣ ಎತ್ತಿಕೊಂಡು ಗ್ರಂಥಾಲಯಕ್ಕೆ ಓಡಿದೆ.

ಅಂಥ ಮೇಡಂ ಯಾರೂ ಇಲ್ಲ ಸಾರ್, ಅದು ವೆಬ್‌ಸೈಟ್ ಜೊತೆ ಬಂದ ಫೋಟೋ ಎಂದಾಗ ಗ್ರಂಥಪಾಲಕರು ತಡೆದುಕೊಂಡರು. ಹಾಗಾದ್ರೆ ಮಗು? ಎಂದರು. ಮಗೂನೂ ಇಲ್ಲ ಅಂದೆ. ಅದನ್ನು ಮಾತ್ರ ಅವರಿಗೆ ತಡೆಯಲಾಗಲಿಲ್ಲ. ನೇರ ನಮ್ಮ ಅಂಗಡಿಗೇ ಬಂದು, ಇಲ್ಲದ ಕೂಸನ್ನ ಹುಟ್ಟಿಸಿದವರು ನೀವು, ನಾಳೆ ಕುರ್ಚಿಯೊಳಗೆ ಏನು ತುಂಬ್ತೀರೋ ಯಾರು ಬಲ್ಲರು, ಮೇಲೆ ಬಟ್ಟೆ ಮುಚ್ಚಿದ ಮೇಲೆ ನಂಗೆ ಕಾಣುತ್ತಾ? ಎಂದು ಕೂಗಾಡಿದರು, ಕುರ್ಚಿ ಎತ್ತಿಕೊಂಡು ಹೊರಟೇಬಿಟ್ಟರು. ಅತ್ತೆ ಎದ್ದು ಬಂದು, ಆಗ ತಾನೇ ಮುಗಿಸಿದ್ದ ಆ ಮಾದರಿ ಕುರ್ಚಿಯನ್ನು ಅವರ ಕೈಯಿಂದ ತೆಗೆದುಕೊಂಡು ಬೋರಲು ಹಾಕಿ, ಹೊಡೆದ ಮೊಳೆಗಳನ್ನೆಲ್ಲ ಕಿತ್ತು, ಬಟ್ಟೆ ಬಿಡಿಸಿ, ನಾರು, ಗೋಣಿ, ಪಟ್ಟಿ, ದಾರ ಕಟ್ಟಿದ ಒಂದೊಂದು ಸ್ಪ್ರಿಂಗು, ಎಲ್ಲವನ್ನೂ ಬಯಲಿಗಿಟ್ಟರು. ಎರಡು ದಿನದ ಕೆಲಸ ನೆಲದ ಮೇಲೆ ಬಿದ್ದಿತ್ತು. ನೋಡ್ಕೊಳಿ, ಆಮೇಲೆ ಮುಚ್ತೀನಿ, ಅಂದರು.

ಗ್ರಂಥಪಾಲಕರು ಮಂಡಿಯೂರಿ ಕೂತು ನಿಧಾನವಾಗಿ ನೋಡಿದರು. ಮುಚ್ಚುವವರೆಗೂ ಕೂತಿದ್ದರು. ಹೋಗುವಾಗ ಇನ್ನುಳಿದ ಕುರ್ಚಿಗಳನ್ನು ಕಳಿಸುತ್ತೇನೆಂದೂ, ಆದರೆ ಇನ್ನು ಮುಂದೆ ಫೋನನ್ನು ಅಮ್ಮನವರೇ ಎತ್ತಬೇಕೆಂದೂ ಹೇಳಿದರು. ಅಷ್ಟು ಹೊತ್ತಿಗೆ ಬಾಯಿತುಂಬ ಮೊಳೆ ತುಂಬಿಕೊಂಡಿದ್ದ ಅತ್ತೆ, ಹ್ಞೂಂ ಅಂದರು. ಗ್ರಂಥಾಲಯದವರಿಗೆ ಅದೇ ಸಮಾಧಾನ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಆ ಕುರ್ಚಿಯ ಫೋಟೋವನ್ನು ಈಗ ತಮ್ಮ ಜಾಗದಲ್ಲಿ ಹಾಕಿದ್ದೇನೆ. ಮೂಲೆಯಲ್ಲಿ ಅತ್ತೆಯ ನೀಲಿಗಟ್ಟಿದ ಹೆಬ್ಬೆರಳೂ ಇದೆ, ಚೆನ್ನಾಗಿಲ್ಲ, ಆದರೆ ನಿಜವಾಗಿದೆ. ಮುಂದಿನ ಅಪ್‌ಡೇಟ್ ಆದಾಗ ತಾವು ದಯಮಾಡಿ ಬರಬಾರದು. ಬರಲೇಬೇಕೆಂದರೆ ಚಿತ್ರದಿಂದ ಇಳಿದು, ಹೆಡ್‌ಫೋನ್ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬನ್ನಿ. ನಾರು ಬಿಡಿಸುವ ಕೆಲಸ ಯಾವಾಗಲೂ ಇರುತ್ತದೆ, ಅದರ ಧೂಳಿನಲ್ಲಿ ಅರ್ಧ ದಿನ ಹೀಗೇ ನಗುತ್ತಾ ಕೂತಿದ್ದರೆ ತಮ್ಮ ಚಿತ್ರವನ್ನು ನಾನೇ ಮರಳಿ ಹಾಕುತ್ತೇನೆ.

ತಾವು ಕೆಲಸ ಬಿಟ್ಟು ಹೋಗುವವರೆಗೆ
ತಮ್ಮ ವಿಶ್ವಾಸಿ,
ಕುಶನ್ ಅಂಗಡಿಯ ವೆಬ್‌ಸೈಟು ನೋಡಿಕೊಳ್ಳುವ ಹುಡುಗಿ

ವಿ.ಸೂ.: ಈ ಪತ್ರವನ್ನು ವೆಬ್‌ಸೈಟಿಗೇ ಹಾಕಲು ಹೋದಾಗ, ಪಕ್ಕದಲ್ಲಿ ಹಾಕಿಕೊಳ್ಳಿ ಎಂದು ಆ ವಿನ್ಯಾಸ ತಾನಾಗಿಯೇ ಇನ್ನೊಂದು ಚಿತ್ರ ಕೊಟ್ಟಿತು: ಕೋಟು ತೊಟ್ಟು, ಕೈಕಟ್ಟಿ, ಗಾಜಿನ ಕಟ್ಟಡದ ಮುಂದೆ ನಗುತ್ತಿರುವ ಮಹನೀಯರೊಬ್ಬರು. ತಮ್ಮ ಯಜಮಾನರೇ ಇರಬೇಕೆಂದು ಮಾವ ಹೇಳುತ್ತಾರೆ. ಮಗುವಿನ ವಿಚಾರ ಅವರಿಗೆ ಗೊತ್ತಿದೆಯೋ ಇಲ್ಲವೋ ಬೇಗ ತಿಳಿಸಿ. ಅವರಾಗಿ ಕೇಳಿದರೆ ನಾನು ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುವವಳು.