ಹನ್ನೆರಡನೆಯ ಬಾಣ

ನಾನು ಊಟ ಮಾಡುವುದು ಶೇಷಾದ್ರಿಯವರ ತಟ್ಟೆಯಲ್ಲಿ. ನೀರು ಕುಡಿಯುವುದು ರಾಜಲಕ್ಷ್ಮಿಯವರ ಲೋಟದಲ್ಲಿ. ಅನ್ನ ಬೇಯುವುದು ‘ಕಮಲಾ ಮದುವೆಯ ನೆನಪಿಗೆ’ ಎಂದು ಬರೆದಿರುವ ಪಾತ್ರೆಯಲ್ಲಿ. ಇವರಲ್ಲಿ ಒಬ್ಬರನ್ನೂ ನಾನು ಕಂಡವನಲ್ಲ. ಮೈಲಾಪೂರಿನ ಒಂದು ಪಾತ್ರೆ ಅಂಗಡಿಯ ಮೆಟ್ಟಿಲ ಪಕ್ಕ ಸ್ಟೂಲು ಹಾಕಿಕೊಂಡು, ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸ. ಒಬ್ಬರ ಚೀಟಿ ನೋಡಿ ಇನ್ನೊಬ್ಬರ ಪಾತ್ರೆಯ ಮೇಲೆ ಕೊರೆದುಬಿಟ್ಟರೆ, ಆ ಪಾತ್ರೆಯನ್ನು ಕೊರೆದವನೇ ಮನೆಗೆ ಒಯ್ಯಬೇಕೆಂಬುದು ಅಂಗಡಿಯ ಕಾನೂನು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನಿಂದಾದದ್ದು ಏಳೇ ತಪ್ಪು. ಸಂಸಾರ ಹೂಡುವಷ್ಟು ತಪ್ಪು ಮಾಡಲಿಲ್ಲ. ಒಬ್ಬನ ಅಡುಗೆಗೆ ಸಾಕಾಗುವಷ್ಟು ಮಾಡಿದೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕೋಲಾರದ ಕಡೆಯಿಂದ ಬಂದವನು ನಾನು. ಆದರೆ ತಮಿಳು, ಇಂಗ್ಲಿಷ್, ಕನ್ನಡ ಮೂರರಲ್ಲೂ ನನ್ನ ಅಕ್ಷರ ನೋಡಿದವರು ಅದನ್ನು ನಂಬುವುದಿಲ್ಲ. ದೊಡ್ಡ ದೊಡ್ಡ ಡಿಗ್ರಿಯವರು ಚೀಟಿಯಲ್ಲಿ ಕೋಳಿ ಕೆದರಿದಂತೆ ಗೀಚಿ ತಂದದ್ದನ್ನು ಮುತ್ತಿನಂತೆ ಮಾಡಿ ಕೊಟ್ಟಿದ್ದೇನೆ. ಇಷ್ಟಾದರೂ ಆ ಬೀದಿಯಲ್ಲಿ ನಾನು ‘ಪೇರ್ ವೆಟ್ಟುರವರ್’, ಅಂದರೆ ಹೆಸರು ಕೊರೆಯುವವನು, ಅಷ್ಟೇ. ಊರವರ ಹೆಸರೆಲ್ಲ ನನಗೆ ಗೊತ್ತು, ನನ್ನ ಹೆಸರು ಯಾರಿಗೂ ಬೇಕಾಗಿಲ್ಲ. ಸಂಜೆ ತ್ರಿಪ್ಲಿಕೇನಿನ ರೂಮಿಗೆ ಹೋದರೆ ಅಲ್ಲಿ ನಾನು ಮೂವತ್ತೊಂದನೇ ನಂಬರು. ಕನ್ನಡ ಮಾತಾಡುವುದು ಬೆಳಿಗ್ಗೆ ಗಡ್ಡ ಹೆರೆಯುವಾಗ, ಕನ್ನಡಿಯ ಜೊತೆ. ಅದೂ ಗಲ್ಲ ಕೊಯ್ದುಕೊಂಡರೆ ಮಾತ್ರ.

ಹೀಗಿರುವಾಗ ಒಂದು ದಿನ ಕಾಲೇಜು ಹುಡುಗಿಯೊಬ್ಬಳು ಬೆನ್ನಿನ ಉದ್ದನೆ ಚೀಲದಿಂದ ಒಂದು ಹಿಡಿ ಅಲ್ಯೂಮಿನಿಯಂ ಕಡ್ಡಿಗಳನ್ನು ತೆಗೆದು ನನ್ನ ಮುಂದೆ ಹಿಡಿದಳು. ಕಿಟಕಿ ಪರದೆಯ ಸರಳಿರಬೇಕು ಅಂದುಕೊಂಡೆ. “ಪೇರ್ ವೆಟ್ಟುರೀಂಗಳೇ ಅಂಕಲ್, ಅಳಿಕ್ಕವುಂ ಮುಡಿಯುಮಾ?” ಎಂದಳು. ಹೆಸರು ಕೊರೆಯುವವನನ್ನು ಹೆಸರು ಅಳಿಸಲು ಬರುತ್ತದೆಯೇ ಎಂದು ಕೇಳಿದ್ದು! ನಾನು ಮುಖ ಗಂಟಿಕ್ಕುವಷ್ಟರಲ್ಲಿ ಒಂದು ಕಡ್ಡಿ ಕೈಜಾರಿತು. “ಅಯ್ಯೋ, ಬಿತ್ತಲ್ಲಾ!” ಅಂದಳು.

“ನೀನು ಕನ್ನಡದವಳೇನಮ್ಮಾ?”

“ಪಾಟಿ ಕನ್ನಡ ಅಂಕಲ್. ನಾನು ಸುಮ್ನೆ ಕೇಳ್ಕೊಂಡಿರ್ತೀನಿ.”

ಪಾಟಿ ಎಂದರೆ ಅವಳ ಅಜ್ಜಿ. ಕಡ್ಡಿಗಳು ಬಾಣಗಳು. ಹುಡುಗಿ ಬಿಲ್ಲು ಹೊಡೆಯುವವಳು. ಹತ್ತು ದಿನದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಬಾಣದ ಬಾಲಕ್ಕೆ ಪ್ಲಾಸ್ಟಿಕ್ ರೆಕ್ಕೆ ಅಂಟಿಸಬೇಕು, ಆದರೆ ಅಲ್ಲಿ ಕಂಪನಿಯ ಹೆಸರು ಅಚ್ಚಾಗಿರುವುದರಿಂದ ಅಂಟು ಹಿಡಿಯುತ್ತಿಲ್ಲ. “ಕಂಪನಿ ಹೆಸರು ಮಾತ್ರ ತೆಗೀರಿ ಅಂಕಲ್. ಪಕ್ಕದ್ದು ನಂಬರ್ ಇರ್ಲಿ,” ಎಂದು ಹೇಳಿ ಹೋದಳು. ಹೇಳಿದ್ದು ಕಿವಿಗೆ ಬಿದ್ದಿತ್ತು. ಅವಳು ಕನ್ನಡದಲ್ಲಿ ಹೇಳಿದಳಲ್ಲ ಎಂಬ ಸಂತೋಷದಲ್ಲಿ, ಏನು ಹೇಳಿದಳು ಎಂಬುದು ತಲೆಯವರೆಗೆ ಹೋಗಲಿಲ್ಲ.

ಮೊದಲ ಬಾಣವನ್ನು ಎಮರಿ ಪೇಪರಿನಲ್ಲಿ ಉಜ್ಜಿದೆ. ಅಕ್ಷರದ ಜೊತೆ ಮೈಯೂ ಸವೆಯಿತು. ಆಮೇಲೆ ಬುದ್ಧಿ ಬಂದು, ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿದೆ. ಹೆಸರು ಬೆಣ್ಣೆಯಂತೆ ಬಿಟ್ಟುಬಂತು. ಎಲ್ಲಾ ಸೇರಿ ಅರ್ಧ ಗಂಟೆಯ ಕೆಲಸ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಮರುದಿನ ಅವಳು ಬಂದಾಗ “ಇನ್ನೂ ಆಗಿಲ್ಲ, ನಾಳೆ ಬಾ” ಎಂದೆ. ಅದರ ಮರುದಿನವೂ ಹಾಗೇ ಎಂದೆ. ಅವಳು ಬೈಯಲಿಲ್ಲ; ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಮಾತಾಡಿ ಹೋಗುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಅರ್ಧ ತಮಿಳು ಸೇರಿಸಿ ಉತ್ತರ ಕೊಡುವುದು.

“ಬಿಲ್ಲಿನ ಆಟಕ್ಕೆ ಅಜ್ಜಿ ಏನಂತಾರೆ?”

“ಪಾಟಿಗೆ ಒಂದೇ ಡೌಟು ಅಂಕಲ್. ಅಷ್ಟು ದೂರ ನಿಂತು ಯಾಕೆ ಹೊಡೀಬೇಕು, ಹತ್ರ ಹೋಗಿ ಚುಚ್ಚಿಬಿಟ್ಟು ಬರಬಾರ್ದಾ ಅಂತ.”

ಅಷ್ಟು ಜೋರಾಗಿ ನಕ್ಕು ಎಷ್ಟು ವರ್ಷವಾಗಿತ್ತೋ, ಅಂಗಡಿಯ ಯಜಮಾನರು ಹೊರಗೆ ಇಣುಕಿ ನೋಡಿದರು.

ಮೂರನೆಯ ದಿನ ಇನ್ನು ಸುಳ್ಳು ಹೇಳಲಾರದೆ ಬಾಣಗಳನ್ನು ಕೊಟ್ಟೆ. ಹನ್ನೆರಡೂ ಫಳಫಳ. ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. “ನಂಬರ್ ಎಂಗೆ ಅಂಕಲ್, ಎಲ್ಲಿ ಹೋಯ್ತು?”

“ಅದನ್ನೂ ತೆಗೆದೆ. ಅರ್ಧಂಬರ್ಧ ಕೆಲಸ ನನಗೆ ಬರೋಲ್ಲ.” ಎಷ್ಟು ಗತ್ತಿನಿಂದ ಹೇಳಿದೆ!

ಹುಡುಗಿಯ ಕಣ್ಣು ತುಂಬಿತು. ಬಾಣಗಳೆಲ್ಲ ಒಳಗೆ ಟೊಳ್ಳು. ಆರರ ತಗಡು ದಪ್ಪವಂತೆ, ಅವು ಆಯ್ಕೆಗೆ. ಆರರದು ತೆಳು, ಅವು ಅಭ್ಯಾಸಕ್ಕೆ. ಹೊರಗಿನಿಂದ ಎರಡೂ ಒಂದೇ ಗಾತ್ರ; ಬೇರೆ ಎಂದು ಹೇಳುತ್ತಿದ್ದದ್ದು ಆ ನಂಬರ್ ಮಾತ್ರ. ಬೆರೆತರೆ ಒಂದು ಬಾಣ ಇತ್ತ, ಒಂದು ಅತ್ತ. ಬೇರೆ ಕೊಳ್ಳಲು ಸಮಯವೂ ಇಲ್ಲ.

“ಅಳಬೇಡಮ್ಮಾ, ಬಡಿದು ನೋಡಿ ತಗಡಿನ ದಪ್ಪ ಹೇಳೋನು ನಾನು,” ಎಂದು ಒಂದೊಂದನ್ನೇ ಉಗುರಿನಿಂದ ಬಡಿದು ಕಿವಿಗೆ ಹಿಡಿದೆ. ಹನ್ನೆರಡೂ ಒಂದೇ ಸಮ ‘ಟಿಣ್’ ಎಂದವು. ಇಪ್ಪತ್ತೆರಡು ವರ್ಷದ ಜಂಬ ಅಲ್ಲಿಗೆ ಮುಗಿಯಿತು. ಕೊನೆಗೆ ಎದುರಿನ ನಾಟಿಮದ್ದಿನ ಅಂಗಡಿಗೆ ಓಡಿದೆವು. ಅಲ್ಲಿ ನಾರುಬೇರು ತೂಗುವ ಪುಟ್ಟ ಹಿತ್ತಾಳೆ ತಕ್ಕಡಿ ಇತ್ತು. ಅಂಗಡಿಯ ಮುದುಕರು ಬಾಣಗಳನ್ನು ನೋಡಿ, “ತೂಗಿ ಕೊಟ್ರೆ ಸಾಕಾ, ಅರೆದೂ ಕೊಡಬೇಕಾ?” ಎಂದು ತಮಿಳಿನಲ್ಲಿ ಕೇಳಿದರು. ತಟ್ಟೆಗೊಂದರಂತೆ ಅಡ್ಡ ಇಟ್ಟು ನೋಡಿದೆವು. ಭಾರದವು ಐದು, ಹಗುರದವು ಆರು. ಒಂದು ಮಾತ್ರ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನಾನು ಎಮರಿಯಲ್ಲಿ ಉಜ್ಜಿದ್ದು ಅದೇ.

“ಒಂದು ಸಲಕ್ಕೆ ಮೂರೇ ಬಿಡೋದು ಅಂಕಲ್. ಐದು ಸಾಕು,” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಬಾಣದ ಮೇಲೆ ಹೊಡೆಯುವವರ ಹೆಸರು ಇರಬೇಕಂತೆ, ಅದು ಆಟದ ನಿಯಮ. ನಾನು ಹುರುಪಿನಿಂದ ಕೊರೆಯುವ ಮೆಷೀನು ಕೈಗೆತ್ತಿಕೊಂಡೆ. “ಬೇಡ ಬೇಡ, ಪೆನ್ನಲ್ಲಿ ನಾನೇ ಬರ್ಕೋತೀನಿ!” ಎಂದು ಬಾಣಗಳನ್ನು ಎದೆಗೆ ಅವುಚಿಕೊಂಡಳು. ಕೆಟ್ಟ ಬಾಣವನ್ನು ನನ್ನ ಕೈಗಿಟ್ಟು, “ಇದು ನೀವೇ ಇಟ್ಕೊಳ್ಳಿ. ಸೆಲೆಕ್ಷನ್ ಆದ್ರೆ ಬಂದು ಹೇಳ್ತೀನಿ,” ಎಂದು ಬಸ್ಸಿಗೆ ಓಡಿದಳು.

ಬರಲಿಲ್ಲ. ಬಸ್ಸು ನಿಂತಾಗಲೆಲ್ಲ ಉದ್ದನೆ ಚೀಲ ಇಳಿಯುತ್ತದೆಯೇ ಎಂದು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಟೀ ಅಂಗಡಿಯ ಪೇಪರಿನ ಮೂಲೆಯಲ್ಲಿ ಬಿಲ್ಲುಗಾರ್ತಿಯರ ಆಯ್ಕೆಯ ಸುದ್ದಿ ಸಿಕ್ಕಿತು. ಮೂವರು ಹುಡುಗಿಯರ ಹೆಸರು. ಆಸೆಯಿಂದ ಓದಿದೆ, ಮತ್ತೆ ಓದಿದೆ. ಆಗ ಹೊಳೆಯಿತು: ಅವಳ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ. ಬಂದವರನ್ನೆಲ್ಲ ‘ಪೇರ್ ಎನ್ನ’ ಎಂದು ಕೇಳಿಯೇ ಹೊಟ್ಟೆ ಹೊರೆಯುವವನು, ಕೇಳಬೇಕಾದ ಒಬ್ಬಳನ್ನು ಕೇಳಲಿಲ್ಲ. ನನ್ನ ಹೆಸರು ಯಾರೂ ಕೇಳುವುದಿಲ್ಲವೆಂದು ಇಷ್ಟು ವರ್ಷ ಮುಖ ಊದಿಸಿಕೊಂಡಿದ್ದೆ ಬೇರೆ.

ಅವಳು ಕೊಟ್ಟ ಬಾಣದ ಮೇಲೆ ಈಗ ಆ ಮೂರೂ ಹೆಸರುಗಳಿವೆ. ಒಂದರ ಕೆಳಗೊಂದು, ನನ್ನ ಅತ್ಯುತ್ತಮ ಅಕ್ಷರದಲ್ಲಿ, ಉಸಿರು ಬಿಗಿಹಿಡಿದು ಕೊರೆದಿದ್ದೇನೆ. ಎರಡಂತೂ ಖಂಡಿತ ತಪ್ಪು. ಮೂರೂ ತಪ್ಪಿರಬಹುದೇ ಎಂಬ ಯೋಚನೆ ಬಂದಾಗ ಎದ್ದು ಪಾತ್ರೆ ತೊಳೆಯುತ್ತೇನೆ. ತಪ್ಪು ಕೊರೆದದ್ದನ್ನು ಕೊರೆದವನೇ ಒಯ್ಯಬೇಕೆಂಬ ಅಂಗಡಿಯ ಕಾನೂನಿನಂತೆ ಅದು ನನ್ನ ರೂಮಿನಲ್ಲೇ ಇದೆ, ಶೇಷಾದ್ರಿಯವರ ತಟ್ಟೆಯ ಪಕ್ಕದಲ್ಲಿ.